ಹಳೇ ಫೋನನ್ನ ಕಂಪನಿಯವ್ರೇ ಬೇಕಂತ ಸ್ಲೋ ಮಾಡ್ತಾರಾ?

ಪ್ರಶ್ನೆ: ಎರಡೂವರೆ ವರ್ಷದಿಂದ ಏನೂ ತೊಂದ್ರೆ ಕೊಡದೇ ಇದ್ದ ನನ್ನ ಆಂಡ್ರಾಯ್ಡ್ ಫೋನು ಈಚೆಗೆ ಅಪ್‌ಡೇಟ್ ಹಾಕಿದ್ಮೇಲೆ ತುಂಬಾ ಹ್ಯಾಂಗ್ ಆಗ್ತಿದೆ. ಹೊಸ ಮಾಡೆಲ್ ಮಾರೋಕೆ ಹಳೇದನ್ನ ಕಂಪನಿಯವ್ರೇ ಸ್ಲೋ ಮಾಡ್ತಾರೆ ಅಂತ ಫ್ರೆಂಡ್ಸ್ ಹೇಳ್ತಾರೆ, ನಿಜವಾ? ಐಫೋನಿಗೆ ಹೋದ್ರೆ ಈ ತಲೆನೋವು ತಪ್ಪತ್ತಾ?

ಉತ್ತರ: ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗೋ ಉತ್ತರ ಎರಡೇ, ಒಂದೋ "ಎಲ್ಲಾ ಕಂಪನಿಗಳೂ ಕಳ್ಳರೇ" ಅಂತಾರೆ, ಇಲ್ಲಾ "ನಿನ್ನ ಬ್ರ್ಯಾಂಡೇ ಸರಿಯಿಲ್ಲ, ನಮ್ದು ತಗೋ" ಅಂತಾರೆ. ಎರಡರಿಂದಲೂ ನಿಮ್ಮ ಫೋನ್ ಸರಿಹೋಗಲ್ಲ. ನನ್ನ ಉತ್ತರ ಮೊದ್ಲೇ ಹೇಳ್ಬಿಡ್ತೀನಿ. ಹಳೇ ಫೋನನ್ನ ಸ್ಲೋ ಮಾಡಿದ್ದು ನಿಜ, ಒಂದು ದೊಡ್ಡ ಕಂಪನಿ ಅದನ್ನ ಒಪ್ಕೊಂಡೂ ಇದೆ, ಆದ್ರೆ ಅವ್ರು ಮಾಡಿದ್ದಕ್ಕೆ ಒಂದು ಟೆಕ್ನಿಕಲ್ ಕಾರಣ ಇತ್ತು, ತಪ್ಪಿದ್ದು ಎಲ್ಲಿ ಅಂದ್ರೆ ಅದನ್ನ ಫೋನಿನ ಯಜಮಾನನಿಗೇ ಹೇಳದೇ ಮಾಡಿದ್ದು. ಇನ್ನು ನಿಮ್ಮ ಫೋನ್ ಎಳೀತಿರೋದಕ್ಕೆ ಕಾರಣ ಬಹುಶಃ ಬ್ಯಾಟರಿ ಇಲ್ಲಾ ತುಂಬಿರೋ ಸ್ಟೋರೇಜು, ಬ್ರ್ಯಾಂಡ್ ಬದಲಾಯಿಸೋ ಮೊದ್ಲು ಇವೆರಡನ್ನ ನೋಡ್ಲೇಬೇಕು.

ಒಪ್ಕೊಂಡ ಕಥೆ ಆಪಲ್‌ದು. 2016ರ ಹೊತ್ತಿಗೆ ಐಫೋನ್ 6, 6ಎಸ್ ಇಟ್ಕೊಂಡಿದ್ದೋರು ಒಂದು ವಿಚಿತ್ರ ಕಂಪ್ಲೇಂಟ್ ಹೇಳೋಕೆ ಶುರು ಮಾಡಿದ್ರು, ಬ್ಯಾಟರಿ ಇನ್ನೂ 30 ಪರ್ಸೆಂಟ್ ಇದೆ ಅಂತ ತೋರಿಸ್ತಿರುತ್ತೆ, ಕ್ಯಾಮೆರಾ ತೆಗೆದ ತಕ್ಷಣ ಫೋನು ದಪ್ ಅಂತ ಆಫ್ ಆಗುತ್ತೆ, ಚಾರ್ಜರ್ ಹಾಕಿ ಆನ್ ಮಾಡಿದ್ರೆ ಮತ್ತೆ ಅದೇ 30ರ ಆಸುಪಾಸು ತೋರಿಸುತ್ತೆ. 2017ರ ಜನವರಿಯಲ್ಲಿ ಐಫೋನಿನ ಸಾಫ್ಟ್‌ವೇರ್ ಆದ ಐಒಎಸ್‌ಗೆ 10.2.1 ಅಪ್‌ಡೇಟ್ ಬಂತು, ಆಫ್ ಆಗೋದು ಕಮ್ಮಿ ಆಯ್ತು, ಜನ ಖುಷಿಯಾದ್ರು. ಆದ್ರೆ ಅದರ ಜೊತೆಗೇ, ಬ್ಯಾಟರಿ ಸವೆದಿರೋ ಫೋನುಗಳಲ್ಲಿ ಪ್ರೊಸೆಸರಿನ ವೇಗಕ್ಕೆ ಕಡಿವಾಣ ಹಾಕೋ ಕೋಡೂ ಬಂದಿತ್ತು, ಅದನ್ನ ಬಳಸೋರಿಗೆ ಅರ್ಥ ಆಗೋ ಹಾಗೆ ಎಲ್ಲೂ ಹೇಳಿರ್ಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಯಾರೋ ಒಬ್ಬರು ತಮ್ಮ 6ಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ ಕೂಡ್ಲೇ ಫೋನು ಮೊದಲಿನ ಸ್ಪೀಡಿಗೆ ಬಂತು ಅಂತ ಸ್ಪೀಡ್ ಟೆಸ್ಟಿನ ಸ್ಕೋರ್ ಸಮೇತ ಇಂಟರ್ನೆಟ್ಟಲ್ಲಿ ಹಾಕಿದ್ರು, ಅದರ ಬೆನ್ನಿಗೇ, ಫೋನಿನ ಸ್ಪೀಡ್ ಅಳೆದು ಸ್ಕೋರ್ ಕೊಡೋ ಗೀಕ್‌ಬೆಂಚ್ ಅನ್ನೋ ಆ್ಯಪ್ ಮಾಡಿದ ಜಾನ್ ಪೂಲ್ ತಮ್ಮ ಹತ್ರ ಇದ್ದ ಸಾವಿರಾರು ಸ್ಕೋರ್ ತೆಗೆದು ಗ್ರಾಫ್ ಹಾಕಿ ತೋರಿಸಿದ್ರು. ಒಂದೇ ಮಾಡೆಲ್ಲು, ಹಳೇ ಐಒಎಸ್‌ನಲ್ಲಿ ಎಲ್ಲಾ ಫೋನಿನ ಸ್ಕೋರೂ ಒಂದೇ ಕಡೆ ಗುಂಪಾಗಿದೆ, 10.2.1 ಆದ್ಮೇಲೆ ಕೆಳಗಡೆ ಬೇರೆ ಬೇರೆ ಗುಂಪು ಕಾಣ್ತಿದೆ. ಸುಮ್ನೆ ಹಳೇದಾಗಿ ಸ್ಲೋ ಆಗಿದ್ರೆ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಬೀಳಲ್ಲ.

ಎರಡೇ ದಿನಕ್ಕೆ ಆಪಲ್ ಒಪ್ಕೊಳ್ತು, ಡಿಸೆಂಬರ್ 28ಕ್ಕೆ ಕ್ಷಮೆ ಕೇಳಿತು, ವಾರಂಟಿ ಮುಗಿದ ಫೋನಿಗೂ ಬ್ಯಾಟರಿ ಬದಲಾಯಿಸೋ ರೇಟನ್ನ 79 ಡಾಲರಿನಿಂದ 29ಕ್ಕೆ ಇಳಿಸಿತು. 2018ರ ಮಾರ್ಚಿನಲ್ಲಿ ಬಂದ ಐಒಎಸ್ 11.3ರಲ್ಲಿ ಬ್ಯಾಟರಿ ಹೆಲ್ತ್ (ಹೊಸದಿದ್ದಾಗ ಹಿಡೀತಿದ್ದ ಚಾರ್ಜಲ್ಲಿ ಈಗ ಎಷ್ಟು ಪರ್ಸೆಂಟ್ ಹಿಡಿಯುತ್ತೆ ಅನ್ನೋದು) ನೋಡೋಕೂ ಈ ಕಡಿವಾಣ ತೆಗೆಯೋಕೂ ಆಪ್ಷನ್ ಕೊಟ್ರು. 2020ರಲ್ಲಿ ಫ್ರಾನ್ಸ್ 25 ಮಿಲಿಯನ್ ಯೂರೋ ದಂಡ ಹಾಕಿತು, ದಂಡದ ಕಾರಣ ಗಮನಿಸಿ, ಗ್ರಾಹಕರಿಗೆ ತಿಳಿಸಲಿಲ್ಲ ಅನ್ನೋದು. ಅದೇ ವರ್ಷ ಅಮೆರಿಕದ ಕೇಸುಗಳಲ್ಲಿ ಗ್ರಾಹಕರ ಜೊತೆ 500 ಮಿಲಿಯನ್ ಡಾಲರ್‌ವರೆಗಿನ ಒಪ್ಪಂದ, ರಾಜ್ಯಗಳ ಜೊತೆ 113 ಮಿಲಿಯನ್ ಡಾಲರಿನ ಇನ್ನೊಂದು ಒಪ್ಪಂದ ಆಯ್ತು. ಹೊಸ ಫೋನ್ ಮಾರೋಕೇ ಮಾಡಿದ್ವಿ ಅಂತ ಆಪಲ್ ಯಾವತ್ತೂ ಒಪ್ಕೊಂಡಿಲ್ಲ. ಆದ್ರೂ ನನಗೆ ಸಿಟ್ಟು ಬರೋದು ಇಲ್ಲೇ, ಬ್ಯಾಟರಿ ಹೋಗಿದೆ ಅಂತ ಒಂದು ಸಾಲಿನ ಮೆಸೇಜ್ ಹಾಕಿದ್ರೆ ಎಷ್ಟೋ ಜನ ಬರೀ ಬ್ಯಾಟರಿ ಹಾಕಿಸ್ಕೊಂಡು ಸುಮ್ನಿರ್ತಿದ್ರು, ಹೇಳದೇ ಇದ್ದಿದ್ರಿಂದ ಅವ್ರು ಇಡೀ ಫೋನೇ ಹೋಯ್ತು ಅಂದ್ಕೊಂಡು ಹೊಸದು ತಗೊಂಡ್ರು. ಉದ್ದೇಶ ಏನೇ ಇರ್ಲಿ, ಲಾಭ ಯಾರಿಗಾಯ್ತು ಅನ್ನೋದು ಗೊತ್ತೇ ಇದೆ.

ಈಗ ಆ 30 ಪರ್ಸೆಂಟಿನಲ್ಲಿ ಫೋನ್ ಯಾಕೆ ಸಾಯುತ್ತೆ ಅಂತ ನೋಡೋಣ, ಇದು ಅರ್ಥ ಆದ್ರೆ ಮಿಕ್ಕಿದ್ದೆಲ್ಲ ಸುಲಭ. ಲಿಥಿಯಂ ಅಯಾನ್ ಬ್ಯಾಟರಿನ ಚಾರ್ಜ್ ಮಾಡಿ ಖಾಲಿ ಮಾಡಿ ಮಾಡ್ತಾ ಒಳಗಡೆ ಗ್ರಾಫೈಟ್ ಮೇಲೆ ಒಂದು ತೆಳು ಪದರ ಕಟ್ಟಿಕೊಳ್ತಾ ಹೋಗುತ್ತೆ, ಅದ್ರಿಂದ ಎರಡು ನಷ್ಟ. ಒಂದು, ಹಿಡಿಯೋ ಚಾರ್ಜೇ ಕಮ್ಮಿ ಆಗುತ್ತೆ, ಇದು ಎಲ್ರಿಗೂ ಗೊತ್ತು. ಎರಡನೇದು ಯಾರೂ ಹೇಳಲ್ಲ, ಒಳಗಿನ ರೆಸಿಸ್ಟೆನ್ಸ್ ಜಾಸ್ತಿ ಆಗುತ್ತೆ, ಅಂದ್ರೆ ಟ್ಯಾಂಕಲ್ಲಿ ನೀರಿದ್ರೂ ಪೈಪು ಕಟ್ಕೊಂಡಿರೋ ಥರ. ಮೆಸೇಜ್ ಓದೋವಾಗ ಬೇಕಾಗೋ ಕರೆಂಟು ಸ್ವಲ್ಪವೇ, ಅದು ಬರುತ್ತೆ. ಕ್ಯಾಮೆರಾ ತೆಗೆದ ಕ್ಷಣದಲ್ಲಿ ಪ್ರೊಸೆಸರ್, ಸ್ಕ್ರೀನು, ಕ್ಯಾಮೆರಾ ಸೆನ್ಸರ್, ಫ್ಲ್ಯಾಶು ಎಲ್ಲಾ ಒಟ್ಟಿಗೆ ಕರೆಂಟ್ ಎಳೀತಾವೆ, ಹಳೇ ಬ್ಯಾಟರಿಯ ವೋಲ್ಟೇಜು ಕೆಳಗೆ ಕುಸಿದುಬಿಡುತ್ತೆ, ಒಂದು ಮಟ್ಟಕ್ಕಿಂತ ಕೆಳಗೆ ಹೋದ್ರೆ ಫೋನು ತನ್ನನ್ನ ಕಾಪಾಡ್ಕೊಳ್ಳೋಕೆ ಆಫ್ ಆಗಲೇಬೇಕು. ಚಳಿಯಲ್ಲಿ ಈ ರೆಸಿಸ್ಟೆನ್ಸ್ ಇನ್ನೂ ಜಾಸ್ತಿ, ಅದಕ್ಕೇ ತಂಪು ಜಾಗದಲ್ಲಿ ಹಳೇ ಫೋನ್ ಹೆಚ್ಚು ಕೈ ಕೊಡೋದು. ಹಾಗಾಗಿ ಇಂಜಿನಿಯರ್ ಮುಂದೆ ಎರಡೇ ದಾರಿ, ಫೋನ್ ಆಫ್ ಆಗೋಕೆ ಬಿಡೋದು, ಇಲ್ಲಾ ಪ್ರೊಸೆಸರ್ ಒಂದೇ ಸಲ ಅಷ್ಟು ಕರೆಂಟ್ ಎಳೆಯದ ಹಾಗೆ ವೇಗ ಇಳಿಸೋದು. ಎಮರ್ಜೆನ್ಸಿಯಲ್ಲಿ ಕಾಲ್ ಮಾಡೋವಾಗ ಆಫ್ ಆಗೋ ಫೋನಿಗಿಂತ ಸ್ಲೋ ಫೋನೇ ವಾಸಿ, ಆ ನಿರ್ಧಾರ ನನ್ನ ಪ್ರಕಾರ ಸರಿಯೇ.

ಇಷ್ಟು ಕೇಳಿದ ತಕ್ಷಣ ಆಂಡ್ರಾಯ್ಡ್ ಅಭಿಮಾನಿಗಳು "ನೋಡಿದ್ರಾ, ಆಪಲ್ಲೇ ಮೋಸ" ಅಂತಾರೆ, ಆದ್ರೆ ಆ ಕಡೆ ಲೆಕ್ಕಾನೂ ಚೊಕ್ಕವಾಗೇನಿಲ್ಲ. 2018ರಲ್ಲಿ ಇಟಲಿ ಆಪಲ್‌ಗೆ 10 ಮಿಲಿಯನ್ ಯೂರೋ ದಂಡ ಹಾಕಿದ ದಿನವೇ ಸ್ಯಾಮ್‌ಸಂಗ್‌ಗೂ 5 ಮಿಲಿಯನ್ ಹಾಕಿತು, ನೋಟ್ 7ಕ್ಕೆ ಅಂತ ಮಾಡಿದ ಆಂಡ್ರಾಯ್ಡ್ ವರ್ಷನ್ನನ್ನ ಹಳೇ ನೋಟ್ 4ಕ್ಕೆ ಹಾಕ್ಕೊಳ್ಳಿ ಹಾಕ್ಕೊಳ್ಳಿ ಅಂತ ಒತ್ತಾಯ ಮಾಡಿದ್ರು, ಆ ಫೋನಿಗೆ ಅದು ಭಾರ ಆಗುತ್ತೆ ಅಂತ ಎಚ್ಚರಿಸಲಿಲ್ಲ ಅಂತ. 2022ರಲ್ಲಿ ಇನ್ನೊಂದು ಬಯಲಾಯ್ತು, ಗ್ಯಾಲಕ್ಸಿ ಎಸ್22 ಬಂದ ಹೊಸದ್ರಲ್ಲಿ, ಗೇಮ್ ಆಪ್ಟಿಮೈಸಿಂಗ್ ಸರ್ವಿಸ್ ಅನ್ನೋದು ಬಿಸಿ ಆಗ್ಬಾರ್ದು ಅಂತ ಆ್ಯಪುಗಳ ವೇಗ ಇಳಿಸ್ತಿತ್ತು, ಆದ್ರೆ ಗೀಕ್‌ಬೆಂಚ್ ಥರದ ಸ್ಪೀಡ್ ಅಳೆಯೋ ಬೆಂಚ್‌ಮಾರ್ಕ್ ಆ್ಯಪುಗಳನ್ನ ಮಾತ್ರ ಮುಟ್ತಿರ್ಲಿಲ್ಲ. ಅಂದ್ರೆ ಸ್ಕೋರ್ ನೋಡಿ ಫೋನ್ ತಗೊಂಡೋನಿಗೆ ಆ ಸ್ಪೀಡು ದಿನದ ಬಳಕೆಯಲ್ಲಿ ಸಿಗಲೇ ಇಲ್ಲ. ಗೀಕ್‌ಬೆಂಚ್‌ನವರು ಎಸ್10ರಿಂದ ಎಸ್22ವರೆಗಿನ ಗ್ಯಾಲಕ್ಸಿ ಎಸ್ ಫೋನುಗಳನ್ನ ತಮ್ಮ ಪಟ್ಟಿಯಿಂದಲೇ ತೆಗೆದ್ರು, ಆಮೇಲೆ ಸ್ಯಾಮ್‌ಸಂಗ್ ಅದನ್ನ ಆಫ್ ಮಾಡೋ ಆಪ್ಷನ್ ಕೊಡ್ತು. ಗೂಗಲ್ ಕೂಡ 2025ರ ಜನವರಿಯಲ್ಲಿ ತನ್ನದೇ ಪಿಕ್ಸೆಲ್ 4ಎ ಫೋನಿಗೆ ಬ್ಯಾಟರಿ ಚಾರ್ಜನ್ನೇ ಕಡಿಮೆ ಮಾಡೋ ಅಪ್‌ಡೇಟ್ ಕೊಟ್ಟಿತು. ಪಿಕ್ಸೆಲ್ 9ಎಯಲ್ಲಿ 200 ಚಾರ್ಜ್ ಸೈಕಲ್ (ಒಂದು ಪೂರ್ತಿ ಬ್ಯಾಟರಿಯಷ್ಟು ಚಾರ್ಜ್ ಖರ್ಚಾದ್ರೆ ಒಂದು ಸೈಕಲ್) ಆದ್ಮೇಲೆ ಬ್ಯಾಟರಿಯ ಗರಿಷ್ಠ ವೋಲ್ಟೇಜನ್ನ ಹಂತಹಂತವಾಗಿ ಇಳಿಸ್ತಾರೆ, ಇದನ್ನ ಆಫ್ ಮಾಡೋಕಾಗಲ್ಲ, ಆದ್ರೆ ಒಂದು ಒಳ್ಳೇ ವಿಷ್ಯ ಅಂದ್ರೆ ಇದನ್ನ ಬರೆದು ಹೇಳಿದ್ದಾರೆ. ಹೇಳಿ ಮಾಡೋದಕ್ಕೂ ಹೇಳದೇ ಮಾಡೋದಕ್ಕೂ ಅಜಗಜಾಂತರ.

ನಿಮ್ಮ ಫೋನಿನ ವಿಷ್ಯಕ್ಕೆ ಬರೋಣ. ಅಪ್‌ಡೇಟ್ ಆದ ಮೇಲೆ ಒಂದೆರಡು ದಿನ ಫೋನು ಬಿಸಿಯಾಗೋದು, ಎಳೆಯೋದು ಮಾಮೂಲಿ, ಒಳಗಡೆ ಆ್ಯಪುಗಳನ್ನೆಲ್ಲ ಹೊಸದಾಗಿ ಹೊಂದಿಸ್ಕೊಳ್ತಿರುತ್ತೆ, ಫೋಟೋಗಳನ್ನ ಮತ್ತೆ ಇಂಡೆಕ್ಸ್ ಮಾಡ್ತಿರುತ್ತೆ, ರಾತ್ರಿ ಚಾರ್ಜಿಗೆ ಹಾಕಿಟ್ರೆ ಆ ಕೆಲಸ ಮುಗಿಸ್ಕೊಳ್ಳುತ್ತೆ. ವಾರ ಕಳೆದ್ರೂ ಹಾಗೇ ಇದ್ರೆ ಮೊದ್ಲು ಸೆಟ್ಟಿಂಗ್ಸಲ್ಲಿ ಸ್ಟೋರೇಜ್ ತೆಗೆದು ನೋಡಿ. ಇದನ್ನ ಜನ ಕಡೆಗಣಿಸೋದೇ ಜಾಸ್ತಿ. ಫ್ಲ್ಯಾಶ್ ಮೆಮೊರಿಯಲ್ಲಿ ಒಂದು ಜಾಗದ ಮೇಲೆ ನೇರವಾಗಿ ಹೊಸದು ಬರೆಯೋಕಾಗಲ್ಲ, ಮೊದ್ಲು ಒಂದು ಇಡೀ ಬ್ಲಾಕ್ ಅಳಿಸಿ ಆಮೇಲೆ ಬರೀಬೇಕು, ಖಾಲಿ ಬ್ಲಾಕ್ ಸಾಕಷ್ಟು ಇದ್ರೆ ಇದು ಗೊತ್ತೇ ಆಗಲ್ಲ, ಆದ್ರೆ 128 ಜಿಬಿಯಲ್ಲಿ 125 ತುಂಬಿದ್ರೆ ಒಂದು ಫೋಟೋ ಸೇವ್ ಮಾಡೋಕೂ ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಎತ್ತಿಡ್ತಾ ಕೂರುತ್ತೆ, ಆ ಹೊತ್ತಲ್ಲಿ ನೀವು ಕೀಬೋರ್ಡ್ ಒತ್ತಿದ್ರೆ ಅಕ್ಷರ ಬರೋಕೆ ಕಾಯಬೇಕು. 2012ರ ನೆಕ್ಸಸ್ 7 ಟ್ಯಾಬ್ಲೆಟ್ ಹೀಗೇ ಕೆಲವೇ ತಿಂಗಳಲ್ಲಿ ಸುಸ್ತಾಗಿದ್ದಕ್ಕೆ ಹೆಸರುವಾಸಿ, 2013ರಲ್ಲಿ ಆಂಡ್ರಾಯ್ಡ್ 4.3 ಬಂದು, ಅಳಿಸಿದ ಫೈಲಿನ ಜಾಗ ಖಾಲಿ ಇದೆ ಅಂತ ಮೆಮೊರಿ ಚಿಪ್ಪಿಗೆ ತಿಳಿಸೋ ವ್ಯವಸ್ಥೆ ಸೇರಿಸಿದ್ಮೇಲೆ ಎಷ್ಟೋ ಸುಧಾರಿಸ್ತು. ಹಾಗಾಗಿ ಹತ್ತು ಹದಿನೈದು ಪರ್ಸೆಂಟ್ ಜಾಗ ಖಾಲಿ ಇಡಿ. ವಾಟ್ಸಾಪ್ ಒಳಗೆ ಹೋಗಿ ಮ್ಯಾನೇಜ್ ಸ್ಟೋರೇಜ್ ಒತ್ತಿ ನೋಡಿ, ಒಂದೇ ವಿಡಿಯೋ ನಾಲ್ಕು ಗ್ರೂಪಿಂದ ಬಂದು ಕೂತಿರುತ್ತೆ, ಗ್ಯಾಲರಿಯಲ್ಲಿ ಡಿಲೀಟ್ ಮಾಡಿದ್ದು ಟ್ರ್ಯಾಶ್ ಫೋಲ್ಡರಲ್ಲಿ ಇನ್ನೂ ಬಿದ್ದಿರುತ್ತೆ, ಅದನ್ನೂ ಖಾಲಿ ಮಾಡಿ. ಕ್ಲೀನರ್, ಬೂಸ್ಟರ್ ಅಂತ ಬರೋ ಆ್ಯಪುಗಳನ್ನ ದಯವಿಟ್ಟು ಹಾಕ್ಬೇಡಿ, ಅವು ಬ್ಯಾಕ್‌ಗ್ರೌಂಡಲ್ಲಿರೋ ಆ್ಯಪುಗಳನ್ನ ಸಾಯಿಸುತ್ತೆ, ಫೋನು ಅವನ್ನ ಮತ್ತೆ ಮೊದಲಿಂದ ಲೋಡ್ ಮಾಡ್ಬೇಕಾಗುತ್ತೆ, ಬ್ಯಾಟರಿನೂ ಜಾಸ್ತಿ ಹೋಗುತ್ತೆ.

ಆಮೇಲೆ ಬ್ಯಾಟರಿ. ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಕೆಲವಕ್ಕೆ ಸೆಟ್ಟಿಂಗ್ಸಲ್ಲೇ ಬ್ಯಾಟರಿ ಹೆಲ್ತ್ ಸಿಗುತ್ತೆ, ಸ್ಯಾಮ್‌ಸಂಗ್ ಆದ್ರೆ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪಲ್ಲಿ ಡಯಾಗ್ನಾಸ್ಟಿಕ್ಸ್ ಇದೆ. 80 ಪರ್ಸೆಂಟಿಗಿಂತ ಕೆಳಗಿದ್ರೆ, ಅಥವಾ ಚಾರ್ಜ್ ಇದ್ದಾಗ್ಲೇ ಆಫ್ ಆಗ್ತಿದ್ರೆ, ಬ್ಯಾಟರಿ ಬದಲಾಯಿಸಿ, ಆದಷ್ಟು ಕಂಪನಿ ಸರ್ವಿಸ್ ಸೆಂಟರಲ್ಲೇ. ಬ್ಯಾಟರಿ ಊದಿ ಹಿಂದಿನ ಕವರ್ ಎದ್ದಿದ್ರೆ ಮಾತ್ರ ನಾಳೆ ನಾಡಿದ್ದು ಅನ್ಬೇಡಿ, ಚಾರ್ಜಿಗೂ ಹಾಕ್ಬೇಡಿ, ಇವತ್ತೇ ತೋರಿಸಿ.

ಸಾಫ್ಟ್‌ವೇರ್ ಭಾರ ಆಗ್ತಾ ಹೋಗೋದೂ ನಿಜ. ಆ್ಯಪ್ ಬರೆಯೋರ ಕೈಯಲ್ಲಿ ಹೊಸ ಫೋನಿರುತ್ತೆ, ಅದ್ರಲ್ಲಿ ಸಲೀಸಾಗಿ ಓಡಿದ್ರೆ ಅವ್ರಿಗೆ ಸಮಾಧಾನ, ನಾಲ್ಕು ಜಿಬಿ ರ‍್ಯಾಮಿನ ಫೋನಲ್ಲಿ ಅದೇ ಆ್ಯಪ್ ಒದ್ದಾಡೋದು ಅವ್ರಿಗೆ ಕಾಣಲ್ಲ. ಆದ್ರೆ ಇದು ತಪ್ಪಿಸೋಕೆ ಆಗದೇ ಇರೋ ಹಣೆಬರಹ ಅಂತ ನಾನು ಒಪ್ಪಲ್ಲ. 2018ರಲ್ಲಿ ಐಒಎಸ್ 12 ಬಂದಾಗ ಹಳೇ ಐಫೋನುಗಳು ಅಪ್‌ಡೇಟ್ ಆದ್ಮೇಲೆ ಚುರುಕಾದವು, 2013ರ 5ಎಸ್‌ಗೂ ಆ ಅಪ್‌ಡೇಟ್ ಸಿಕ್ಕಿತ್ತು. ಬ್ಯಾಟರಿ ಗಲಾಟೆ ಆಗಿ ಒಂದು ವರ್ಷ ಕೂಡ ಆಗಿರ್ಲಿಲ್ಲ. ಅಂದ್ರೆ ಮನಸ್ಸು ಮಾಡಿದ್ರೆ ಹಳೇ ಹಾರ್ಡ್‌ವೇರಿನಲ್ಲೂ ಚೆನ್ನಾಗಿ ಓಡಿಸ್ಬೋದು, ಜನ ಗಟ್ಟಿಯಾಗಿ ಕೇಳಬೇಕು ಅಷ್ಟೇ.

ಐಫೋನಿಗೆ ಹೋದ್ರೆ ತಲೆನೋವು ತಪ್ಪತ್ತಾ ಅಂದ್ರೆ, ತಪ್ಪಲ್ಲ, ಅದ್ರೊಳಗೂ ಅದೇ ಲಿಥಿಯಂ ಬ್ಯಾಟರಿ ಇರೋದು. ಅಪ್‌ಡೇಟ್ ವಿಷ್ಯದಲ್ಲಿ ಆಪಲ್ ಬಹಳ ವರ್ಷ ಮುಂದಿದ್ದಿದ್ದು ಖಂಡಿತ ನಿಜ, 2015ರ 6ಎಸ್‌ಗೆ 2021ರ ಐಒಎಸ್ 15 ಕೂಡ ಸಿಕ್ತು, ಆ ಕಾಲದ ಆಂಡ್ರಾಯ್ಡ್ ಫೋನಿಗೆ ಎರಡು ದೊಡ್ಡ ಅಪ್‌ಡೇಟ್ ಬಂದ್ರೆ ಪುಣ್ಯ. ಆದ್ರೆ ಈಗ ಆ ಅಂತರ ಉಳಿದಿಲ್ಲ. 2023ರಲ್ಲಿ ಪಿಕ್ಸೆಲ್ 8ಕ್ಕೆ ಗೂಗಲ್, 2024ರಲ್ಲಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳು ವರ್ಷದ ಅಪ್‌ಡೇಟ್ ಕೊಡ್ತೀವಿ ಅಂತ ಹೇಳಿದ್ರು. ಕಡಿಮೆ ರೇಟಿನ ಮಾಡೆಲ್ಲುಗಳಿಗೆ ಇಷ್ಟು ವರ್ಷ ಸಿಗೋದು ಅಪರೂಪ, ಹಾಗಾಗಿ ಬ್ರ್ಯಾಂಡ್ ಹೆಸರು ನೋಡ್ಬೇಡಿ, ಆ ಮಾಡೆಲ್ಲಿಗೆ ಎಷ್ಟು ವರ್ಷ ಅಂತ ನೋಡಿ. ಯುರೋಪಿಯನ್ ಯೂನಿಯನ್ನಿನಲ್ಲಿ 2025ರ ಜೂನ್ 20ರಿಂದ ಇದು ಕಾನೂನೇ ಆಗಿದೆ, ಅಲ್ಲಿ ಮಾರೋ ಹೊಸ ಫೋನಿನ ಬ್ಯಾಟರಿ 800 ಸೈಕಲ್ ಆದ್ಮೇಲೂ 80 ಪರ್ಸೆಂಟ್ ಹಿಡೀಬೇಕು, ಆ ಮಾಡೆಲ್ ಮಾರೋದು ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕು, ರಿಪೇರಿಗೆ ಪಾರ್ಟ್ಸೂ ಸಿಗೋ ಹಾಗಿರಬೇಕು. ಒಂದೇ ಮಾಡೆಲ್ಲನ್ನ ಎಲ್ಲಾ ಕಡೆ ಮಾರೋ ಕಂಪನಿಗಳು ಅಲ್ಲಿಗೆ ಒಂದು ಬ್ಯಾಟರಿ, ಮಿಕ್ಕ ಕಡೆಗೆ ಇನ್ನೊಂದು ಅಂತ ಮಾಡೋದು ಕಷ್ಟ, ಅದಕ್ಕೇ ಇದ್ರ ಲಾಭ ಬೇರೆ ದೇಶದೋರಿಗೂ ಸಿಗ್ಬೋದು ಅಂತ ನನ್ನ ಆಸೆ.

ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಗಿದ್ರೆ, ಅದೇ ಫೋನಲ್ಲಿ ಬ್ಯಾಂಕಿನ ಆ್ಯಪ್ ಎಲ್ಲಾ ಇದ್ರೆ, ಆಗ ಹೊಸದು ತಗೊಳ್ಳೋದೇ ಸರಿ. ಎರಡೂವರೆ ವರ್ಷದ ಫೋನಿಗೆ ಸಾಮಾನ್ಯವಾಗಿ ಆ ಗತಿ ಬಂದಿರಲ್ಲ. ಸ್ಟೋರೇಜ್ ಖಾಲಿ ಮಾಡಿ, ಒಂದ್ಸಲ ರೀಸ್ಟಾರ್ಟ್ ಮಾಡಿ ಎರಡು ದಿನ ನೋಡಿ, ಆಮೇಲೆ ಬ್ಯಾಟರಿ ಹೆಲ್ತ್ ಎಷ್ಟಿದೆ, ಫೋನ್ ಮಾಡೆಲ್ ಯಾವ್ದು ಅಂತ ಬರೆದು ಕಳಿಸಿ, ಬ್ಯಾಟರಿ ಹಾಕಿಸೋದಾ ಬೇಡ್ವಾ ಅಂತ ಆಗ ನೋಡೋಣ.