ಮೈಸೂರಿನ ಲಿಂಕ್ ಟ್ರೈನ್: ಕಾಯಬೇಕಾ, ಹೊರಡಬೇಕಾ?

ಮಂಡ್ಯದಲ್ಲಿ ರೈಲು ಹತ್ತಿ, ಮೈಸೂರಿನಲ್ಲಿ ಇಳಿದು, ಚಾಮರಾಜನಗರದ ಗಾಡಿ ಹಿಡಿಯಬೇಕಾದವರಿಗೆ ಶ್ರೀರಂಗಪಟ್ಟಣ ದಾಟಿದ ಮೇಲೆ ಒಂದೇ ಯೋಚನೆ. ಆ ಗಾಡಿ ಇರುತ್ತಾ, ಹೋಗಿಬಿಟ್ಟಿರುತ್ತಾ? ರೈಲ್ವೆ ಲೆಕ್ಕದಲ್ಲಿ ನಮ್ಮ ರೈಲು ಹತ್ತು ನಿಮಿಷ ಲೇಟ್, ಅಷ್ಟೇ. ಮುಂದಕ್ಕೆ ಹಿಡಿಯಬೇಕಾದ ಆ ಲಿಂಕ್ ಟ್ರೈನ್ ತಪ್ಪಿದವರಿಗೆ ಗಂಟೆಗಟ್ಟಲೆ ಹೋಗುತ್ತದೆ. ಆ ಗಂಟೆಗಳನ್ನು ಬರೆದಿಡುವವರು ಯಾರು?

ಈ ತೊಂದರೆ ಮೈಸೂರಿಗೆ ರೈಲಿನ ಜೊತೆಗೇ ಬಂತು. ಮದ್ರಾಸಿನ ಕಡೆಯಿಂದ ಬೆಂಗಳೂರಿಗೆ ಹಳಿ ಬಂದಿದ್ದು 1864ರಲ್ಲಿ, ಅದು ಬ್ರಾಡ್‌ಗೇಜ್, ಅಂದರೆ ಅಗಲ ಹಳಿ. ಬೆಂಗಳೂರಿನಿಂದ ಮಂಡ್ಯದ ಮೇಲೆ ಮೈಸೂರಿಗೆ 1881–82ರಲ್ಲಿ ಹಾಕಿದ್ದು ಮೀಟರ್‌ಗೇಜ್, ಅದಕ್ಕಿಂತ ಕಿರಿದು. ಈ ಹಳಿಯ ಬೋಗಿ ಆ ಹಳಿಯ ಮೇಲೆ ಓಡುವಂತಿರಲಿಲ್ಲ. ಹಾಗಾಗಿ ಮದ್ರಾಸಿಗೆ ಹೊರಟ ಮೈಸೂರಿನವರು ಬೆಂಗಳೂರಿನಲ್ಲಿ ಗಂಟುಮೂಟೆ ಇಳಿಸಿ ಗಾಡಿ ಬದಲಿಸಲೇಬೇಕಿತ್ತು. ನೂರು ವರ್ಷಕ್ಕೂ ಜಾಸ್ತಿ ಕಾಲ ಹೀಗೇ ನಡೆಯಿತು. 1990ರ ದಶಕದಲ್ಲಿ ಮೈಸೂರಿನ ಹಳಿಯೂ ಬ್ರಾಡ್‌ಗೇಜ್ ಆಯಿತು. 2022ರ ನವೆಂಬರ್‌ನಿಂದ ಚೆನ್ನೈಗೆ ವಂದೇ ಭಾರತ್ ಕೂಡ ಇದೆ.

ನಡುವೆ ಜೋಡಿ ಹಳಿಯ ಕೆಲಸ ಶ್ರೀರಂಗಪಟ್ಟಣದಲ್ಲಿ ಸಿಕ್ಕಿಕೊಂಡಿತ್ತು. ದಾರಿಗೆ ಅಡ್ಡವಾಗಿ ಟಿಪ್ಪುವಿನ ಕಾಲದ ಮದ್ದಿನಮನೆ. ಅದನ್ನು ಒಡೆಯದೆ, ಸುಮಾರು ಸಾವಿರ ಟನ್ ತೂಕದ ಕಟ್ಟಡವನ್ನು 2017ರಲ್ಲಿ ಹಾಗೇ ಎತ್ತಿ ಪಕ್ಕಕ್ಕೆ ಸರಿಸಿದರು. ತುಂಬಾ ಒಳ್ಳೆಯ ಕೆಲಸ ಅದು. 2018ರ ಫೆಬ್ರವರಿಯಲ್ಲಿ ಬೆಂಗಳೂರು–ಮೈಸೂರು ನಡುವಿನ ಜೋಡಿ ಹಳಿ, ವಿದ್ಯುತ್ ಮಾರ್ಗದ ಉದ್ಘಾಟನೆಯಾಯಿತು. ಎದುರು ಗಾಡಿಗೆ ಕಾಯುವ ಕಷ್ಟ ಈ ಕಡೆ ತಪ್ಪಿತು.

ಆದರೆ ಮೈಸೂರಿನಿಂದ ಆಚೆ ಚಾಮರಾಜನಗರಕ್ಕೆ ಹೋಗುವ ಹಳಿ ಈಗಲೂ ಒಂಟಿ. ಲಿಂಕ್ ಟ್ರೈನ್ ತಡೆದು ನಿಲ್ಲಿಸುವುದು ಯಾಕೆ ಕಷ್ಟ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ರೈಲುಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲ್ ಆಫೀಸಿನ ಚಾರ್ಟ್‌ನಲ್ಲಿ ಒಂದು ಬದಿಗೆ ಸ್ಟೇಷನ್‌ಗಳು, ಇನ್ನೊಂದು ಬದಿಗೆ ಗಂಟೆ–ನಿಮಿಷ. ಪ್ರತಿ ರೈಲೂ ಒಂದು ಓರೆ ಗೆರೆ. ಹಿಂದೆ ಪೆನ್ಸಿಲ್ ಹಿಡಿದು ಎಳೆಯುತ್ತಿದ್ದರು, ಈಗ ಕಂಪ್ಯೂಟರ್ ಎಳೆಯುತ್ತದೆ. ಒಂಟಿ ಹಳಿಯಲ್ಲಿ ಎದುರುಬದುರು ಬರುವ ಗಾಡಿಗಳ ಎರಡು ಗೆರೆ ಸ್ಟೇಷನ್‌ನಲ್ಲೇ ಸೇರಬೇಕು, ಅದೂ ಒಂದು ಗಾಡಿ ಪಕ್ಕಕ್ಕೆ ಸರಿದು ನಿಲ್ಲುವ ಲೂಪ್ ಲೈನ್ ಇರುವಲ್ಲಿ. ಮೈಸೂರಿನಲ್ಲಿ ಗಾಡಿಯನ್ನು ಹತ್ತು ನಿಮಿಷ ನಿಲ್ಲಿಸಿದರೆ ಅದರ ಗೆರೆ ಪೂರ್ತಿ ಜರುಗುತ್ತದೆ. ನಂಜನಗೂಡಿನಲ್ಲಿ ಕ್ರಾಸಿಂಗ್ ಇತ್ತು ಅಂದುಕೊಳ್ಳಿ, ಎದುರಿನಿಂದ ಬಂದ ಗಾಡಿ ಅಲ್ಲಿ ಸುಮ್ನೆ ನಿಲ್ಲಬೇಕು. ಅದರಲ್ಲಿರುವವರಿಗೆ ಮೈಸೂರಿನಲ್ಲಿ ಬೇರೆ ರೈಲು ತಪ್ಪಬಹುದು. ಅದೇ ರೇಕ್, ಅಂದರೆ ಅದೇ ಬೋಗಿಗಳ ಸಾಲು, ವಾಪಸ್ ಹೊರಡಬೇಕಾಗಿದ್ದರೆ ಆ ಟ್ರಿಪ್ಪೂ ಲೇಟ್. ಇದರ ಮೇಲೆ ಮಂಡ್ಯ ಬೆಂಗಳೂರು ವಿಭಾಗಕ್ಕೆ ಸೇರಿದ್ದು, ಮೈಸೂರಿಗೆ ಅದರದೇ ವಿಭಾಗ. ಎರಡೂ ಕಡೆಯವರು ಮಾತಾಡಿಕೊಳ್ಳಬೇಕು.

ಸ್ವಿಟ್ಜರ್ಲೆಂಡ್‌ನವರು ಇದನ್ನು ವೇಳಾಪಟ್ಟಿಯಲ್ಲೇ ಬಗೆಹರಿಸಲು ಹೊರಟರು. 1982ರಿಂದ ಅಲ್ಲಿ ರೈಲುಗಳು ದಿನವಿಡೀ ಗಂಟೆಗೊಮ್ಮೆ, ಅದೇ ನಿಮಿಷಕ್ಕೆ. 2004ರ ಡಿಸೆಂಬರ್‌ನಲ್ಲಿ ಬಂದ ಹೊಸ ವೇಳಾಪಟ್ಟಿಯಲ್ಲಿ ದೊಡ್ಡ ಜಂಕ್ಷನ್‌ಗಳಿಗೆ ಎಲ್ಲ ಕಡೆಯ ಗಾಡಿಗಳು ಗಂಟೆ ಹೊಡೆಯುವ ಸ್ವಲ್ಪ ಮುಂಚೆ ಬಂದು, ಸ್ವಲ್ಪ ಹೊತ್ತಿಗೇ ಹೊರಡುವ ಹಾಗೆ ಮಾಡಿದರು. ಒಂದು ತಪ್ಪಿದರೂ ಇನ್ನೊಂದು ಬೇಗ ಸಿಗುತ್ತದೆ. ಗಾಡಿಗಳು ಕಡಿಮೆ ಇರುವ ನಮ್ಮಂಥ ಕಡೆ ಆ ಆಸರೆ ಇಲ್ಲ. ಜರ್ಮನಿಯ ಗಣಿತಜ್ಞೆ ಅನಿತಾ ಶೋಬೆಲ್ 2001ರಲ್ಲಿ ‘ಕಾಯಬೇಕೋ ಬಿಡಬೇಕೋ’ ಅನ್ನುವುದನ್ನೇ ಗಣಿತದ ಸಮಸ್ಯೆಯಾಗಿ ಬರೆದರು. ಅಲ್ಲಿ ತೂಗುವುದು ಪ್ರಯಾಣಿಕರ ಒಟ್ಟು ತಡವನ್ನು, ಬರೀ ರೈಲಿನದ್ದನ್ನಲ್ಲ. ನನಗೆ ಸರಿ ಅನ್ನಿಸುವ ದಾರಿ ಇದೇ.

ಭಾರತೀಯ ರೈಲ್ವೆ 2019ರ ಏಪ್ರಿಲ್‌ನಿಂದ ಎರಡು ಪಿಎನ್‌ಆರ್ ಜೋಡಿಸಲು ಬಿಟ್ಟಿದೆ. ಮೊದಲ ರೈಲು ಲೇಟಾಗಿ ಎರಡನೆಯದು ತಪ್ಪಿದರೆ, ಆ ಎರಡನೇ ಟಿಕೆಟ್‌ನ ದುಡ್ಡು ಕಡಿತವಿಲ್ಲದೆ ವಾಪಸ್. ಎರಡೂ ಟಿಕೆಟ್‌ನಲ್ಲಿ ಹೆಸರು, ವಿವರ ಒಂದೇ ಇರಬೇಕು, ಮೊದಲ ರೈಲು ತಲುಪಿದ ಮೂರು ಗಂಟೆಯೊಳಗೆ ಅರ್ಜಿ ಹಾಕಬೇಕು. ದುಡ್ಡು ಬಂತು, ಸರಿ. ಊರು ಸೇರಿದಂತಾಗಲಿಲ್ಲ ಅಲ್ವಾ?

ಪಾಸ್ ಇಟ್ಟುಕೊಂಡು ಓಡಾಡುವ ಮಂಡ್ಯದವರಿಗೆ, ಜನರಲ್ ಟಿಕೆಟ್‌ನವರಿಗೆ ಪಿಎನ್‌ಆರ್ ಇರುವುದೇ ಇಲ್ಲ. ರೈಲು ಎಲ್ಲಿದೆ ಅಂತ ಕಂಟ್ರೋಲ್‌ನವರಿಗೆ ಗೊತ್ತು. ಅದರೊಳಗೆ ಚಾಮರಾಜನಗರಕ್ಕೆ ಹೋಗುವವರು ಹತ್ತು ಜನವೋ ಇನ್ನೂರು ಜನವೋ, ಅದನ್ನು ಟಿಕೆಟ್ ನೋಡಿ ಹೇಳುವುದು ಕಷ್ಟ. ಮಂಡ್ಯದಿಂದ ಮೈಸೂರಿಗೆ ಮಾತ್ರ ಟಿಕೆಟ್ ತೆಗೆದವರೂ ಮುಂದಕ್ಕೆ ಹೋಗುವವರಿರಬಹುದು. ಸ್ಟೇಷನ್‌ನಲ್ಲಿ ವರ್ಷಕ್ಕೊಮ್ಮೆಯಾದರೂ ಪ್ರಯಾಣಿಕರನ್ನೇ ಕೇಳಿ ಎಣಿಸಿದರೆ, ಯಾವ ಗಾಡಿ ಯಾವ ಹೊತ್ತಿನಲ್ಲಿ ಐದು ನಿಮಿಷ ಕಾಯಬಹುದು ಅಂತ ಮೊದಲೇ ಬರೆದಿಡಬಹುದು. ಆ ಪಟ್ಟಿ ಪ್ಲಾಟ್‌ಫಾರ್ಮ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇರಲಿ.