ಮೂರು ನಿಮಿಷದ ತಟ್ಟೆ, ಇರುಳಿಡೀ ಹಾಡು: ಮೈಸೂರು ಸೀಮೆಯ ಸಂಗೀತ ನೆನಪಾಗಿ ಉಳಿದ ಬಗೆ

ಮೈಸೂರಿನ ಸಂಗೀತವೆಂದೊಡನೆ ವೀಣೆ ಶೇಷಣ್ಣ, ವಾಸುದೇವಾಚಾರ್ಯ, ಬಿಡಾರಂ ಕೃಷ್ಣಪ್ಪ, ಪಿಟೀಲು ಚೌಡಯ್ಯ ಅವರ ಹೆಸರುಗಳು ಸಾಲಾಗಿ ನೆನಪಿಗೆ ಬರುತ್ತವೆ. ಅದೇ ಕಾಲದಲ್ಲಿ, ಅರಮನೆಯಿಂದ ಸುಮಾರು 50 ಕಿ.ಮೀ. ದೂರದ ಮಳವಳ್ಳಿಯ ಕಡೆ, ತಂಬೂರಿ ಹಿಡಿದ ನೀಲಗಾರರೆಂಬ ಜನಪದ ಗಾಯಕರು ತಮ್ಮ ಆರಾಧ್ಯ ಸಂತ ಮಂಟೇಸ್ವಾಮಿಯ ಕಥೆಯನ್ನು ಇರುಳಿಡೀ ಹಾಡುತ್ತಿದ್ದರು. ಅವರ ಹೆಸರುಗಳು ನಮಗೆ ಉಳಿದಿರುವುದು ತೀರ ಕಡಿಮೆ. ಅರಮನೆಯ ಆಶ್ರಯ ಇದ್ದದ್ದು, ಇಲ್ಲದ್ದು ಇದಕ್ಕೆ ಒಂದು ಕಾರಣ. ಧ್ವನಿಯನ್ನು ಹಿಡಿದಿಡುವ ಸಾಧನದಲ್ಲಿ ಎಷ್ಟು ಹೊತ್ತಿನ ಹಾಡು ಹಿಡಿಸುತ್ತಿತ್ತು ಎಂಬುದು ಅಷ್ಟೇ ದೊಡ್ಡ ಕಾರಣವೆಂದು ನನಗೆ ತೋರುತ್ತದೆ.

ಗ್ರಾಮಾಫೋನಿಗಾಗಿ ಹಾಡಿದ ಭಾರತದ ಮೊದಲ ಗಾಯಕರಲ್ಲಿ ಒಬ್ಬರಾದ ಗೌಹರ್ ಜಾನ್ ಅವರ ಧ್ವನಿಮುದ್ರಣ ಕಲ್ಕತ್ತೆಯಲ್ಲಿ ನಡೆದದ್ದು 1902ರಲ್ಲಿ. ಆಗಿನ ತಟ್ಟೆಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಅಷ್ಟರಲ್ಲೇ ಮುಗಿಸಿ, ಕೊನೆಯಲ್ಲಿ ತಮ್ಮ ಹೆಸರನ್ನೂ ಅವರು ಹೇಳುತ್ತಿದ್ದರು. ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾಗಿ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಇಲ್ಲಿಯೇ ತೀರಿಕೊಂಡರು. ಆ ಹೊತ್ತಿಗೆ ಕರ್ನಾಟಕ ಸಂಗೀತದ ಕೃತಿಗಳೂ ಇದೇ ಅಳತೆಗೆ ಒಗ್ಗಿಕೊಂಡಿದ್ದವು. ಆಲಾಪನೆಯನ್ನು ಮೊಟಕುಗೊಳಿಸಿ, ನೆರವಲನ್ನು (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವುದನ್ನು) ಬಿಟ್ಟರೂ ಕೃತಿ ಕೃತಿಯಾಗಿಯೇ ಉಳಿಯುತ್ತದೆ. ಜನಪದರು ಹಾಡುವ ಮಲೆ ಮಹದೇಶ್ವರನ ಕಥೆಯಲ್ಲಾದರೋ ‘ಸಂಕಮ್ಮನ ಸಾಲು’ ಎಂಬ ಒಂದು ಭಾಗವನ್ನೇ ಹಾಡಲು ಗಂಟೆಗಳು ಬೇಕು. ಅದನ್ನು ಮೂರು ನಿಮಿಷಕ್ಕೆ ಇಳಿಸಿದರೆ ಕಥೆಯೇ ಇರುವುದಿಲ್ಲ.

ನಾನಾ ಪ್ರಕಾರಗಳ ಸಂಗೀತವನ್ನು ಹುಡುಕಿ ಕೇಳುವ ಹವ್ಯಾಸ ಮೊಬೈಲ್ ಬಂದ ಮೇಲಿನದೆಂದು ಭಾವಿಸುವವರು ನಾಲ್ವಡಿಯವರ ಆಸ್ಥಾನವನ್ನು ಗಮನಿಸಬೇಕು. ಅಲ್ಲಿ ಕರ್ನಾಟಕ ವಿದ್ವಾಂಸರ ಜೊತೆಗೆ ಹಿಂದೂಸ್ತಾನಿ ಗಾಯಕರಿಗೂ ಮನ್ನಣೆಯಿತ್ತು, ಪಾಶ್ಚಾತ್ಯ ವಾದ್ಯಗಳ ಬ್ಯಾಂಡೂ ಇತ್ತು. ಅವರ ನಂತರ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ್ದಲ್ಲದೆ, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ರಚನೆಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. ಮೆಟ್ನರ್ 1951ರಲ್ಲಿ ತೀರಿಕೊಂಡರೂ ಅವರು ತಮ್ಮ ಕೈಯಾರೆ ನುಡಿಸಿದ ಪಿಯಾನೊ ಇಂದಿಗೂ ಕೇಳಲು ಸಿಗುತ್ತದೆ. ಒಬ್ಬ ಕಲಾವಿದನ ಮಟ್ಟಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಂಥದೇ ಉಪಕಾರ ಅದೇ ಕಾಲದಲ್ಲಿ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದ ಒಕ್ಕಲಾದ ಹಾಡುಗಾರರಿಗೂ ಸಿಕ್ಕಿದ್ದರೆ ಎಂದು ಮನಸ್ಸು ಹಂಬಲಿಸುತ್ತದೆ.

ರೇಡಿಯೊ ಈ ಬೇಲಿಯನ್ನು ಸ್ವಲ್ಪ ಸಡಿಲಿಸಿತು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಸಂದಿತು. ಆದರೂ ರೇಡಿಯೊ ಕೂಡ ಕಾರ್ಯಕ್ರಮಗಳನ್ನು ನಿಮಿಷಗಳಲ್ಲಿ ಅಳೆದು ಕೊಡುವ ಮಾಧ್ಯಮವೇ ಆಗಿತ್ತು.

ದೊಡ್ಡ ಬದಲಾವಣೆ ತಂದದ್ದು ಟೇಪು. ಮಂಡ್ಯ ಜಿಲ್ಲೆಯವರೇ ಆದ ಜೀ.ಶಂ. ಪರಮಶಿವಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡು ಜಾನಪದ ಸಂಗ್ರಹಕ್ಕೆ ಬಲ ತುಂಬಿದರು. 1970ರ ದಶಕದ ಹೊತ್ತಿಗೆ ಕಂಸಾಳೆಯ (ಕಂಚಿನ ತಾಳ ಹಿಡಿದು ಮಹದೇಶ್ವರನ ಕಥೆ ಹಾಡುವವರ) ಮತ್ತು ನೀಲಗಾರರ ಕಾವ್ಯಗಳು ಅಧ್ಯಯನದ ವಸ್ತುವಾದವು. ಅದರ ಬೆನ್ನಿಗೇ ಕ್ಯಾಸೆಟ್ ಬಂದಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಹೊರಬಂದಾಗ ಭಾವಗೀತೆ ಮನೆಮನೆಯ ಸಂಗೀತವಾಯಿತು. ಬಳಿಕ ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಜನಪದ ಕಥನಗಳು ಊರ ಹಬ್ಬದ ಮೈಕುಗಳಲ್ಲಿಯೂ ಕೇಳತೊಡಗಿದವು. ಒಂದು ಮಗ್ಗುಲಿಗೆ ಅರ್ಧ ಗಂಟೆ ಓಡುವ ಕ್ಯಾಸೆಟ್ಟಿನಲ್ಲಿ ಕಥೆಗೆ ಉಸಿರಾಡುವಷ್ಟು ಜಾಗವಿತ್ತು.

ಇದರಿಂದ ನೆನಪಿನ ಸ್ವರೂಪವೇ ಬದಲಾಯಿತು. ಹದಿಹರೆಯದಲ್ಲಿ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ ಕೇಳಿದ ಹಾಡುಗಳು ಮುಪ್ಪಿನವರೆಗೂ ಗಾಢವಾಗಿ ಉಳಿಯುತ್ತವೆಂದು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಮರೆವಿನ ಕಾಯಿಲೆಯವರಲ್ಲೂ ಎಷ್ಟೋ ಮಂದಿ ಹಳೆಯ ಹಾಡನ್ನು ಹಿಡಿದು ಹಾಡಬಲ್ಲರು. ಜಾತ್ರೆಯಲ್ಲಿ ಕೇಳಿದವರಿಗೆ ಉಳಿಯುತ್ತಿದ್ದದ್ದು ಕಥೆ ಮತ್ತು ಧಾಟಿ, ಏಕೆಂದರೆ ಹಾಡುಗಾರ ಅದನ್ನು ಪ್ರತಿ ಸಲವೂ ಬೇರೆಯಾಗಿ ಬೆಳೆಸುತ್ತಿದ್ದ. ಕ್ಯಾಸೆಟ್ ಕೇಳಿ ಬೆಳೆದವರಿಗಾದರೋ ಒಂದು ನಿರ್ದಿಷ್ಟ ದನಿ, ಅದರ ಉಸಿರಿನ ನಿಲುಗಡೆಗಳ ಸಮೇತ, ಅಚ್ಚೊತ್ತಿದಂತೆ ನಿಂತಿದೆ. ಸಾವಿರಾರು ಮನೆಗಳು ಒಂದೇ ಪಾಠವನ್ನು, ಅಂದರೆ ಹಾಡಿನ ಒಂದೇ ರೂಪವನ್ನು, ನೆನಪಿಟ್ಟುಕೊಂಡವು. ಬೇರೆ ಪಾಠಗಳು ಅದರ ಮರೆಗೆ ಸರಿದವು.

ರಾಗಿ ಬೀಸುವ ಪದಗಳ ವಿಷಯದಲ್ಲಿ ನಷ್ಟ ಇನ್ನೂ ಹೆಚ್ಚು. ಹಿಟ್ಟಿನ ಗಿರಣಿ ಊರಿಗೆ ಬಂದಾಗ ಬೀಸುವ ಕೆಲಸವೂ ಆ ಪದ ಹಾಡುವ ಸಂದರ್ಭವೂ ಒಟ್ಟಿಗೆ ಹೋದವು. ತ್ರಿಪದಿಗಳು ಪುಸ್ತಕಗಳಲ್ಲಿ ಸಾಕಷ್ಟಿವೆ. ಬೀಸುವ ಕಲ್ಲು ತಿರುಗುವ ಲಯಕ್ಕೆ ಹೊಂದಿಕೊಂಡು ಸಾಗುತ್ತಿದ್ದ ಅವುಗಳ ನಡೆಯನ್ನು ಅಕ್ಷರ ಹಿಡಿದಿಡಲಾರದು.

ಇಂದು ಅಂಗೈಯ ಫೋನಿನಲ್ಲಿ ಇರುಳಿಡೀ ಹಾಡು ಹಿಡಿಸುತ್ತದೆ, ಸಾಧನದ ಮಿತಿ ಹೋಗಿದೆ. ಮಂಡ್ಯ, ನಾಗಮಂಗಲ, ಮಳವಳ್ಳಿಯ ಮನೆಗಳ ಅಟ್ಟದ ಮೇಲಿರುವ ಕ್ಯಾಸೆಟ್ಟುಗಳ ಕಾಂತೀಯ ಪಟ್ಟಿ ಮಾತ್ರ ತೇವಕ್ಕೆ, ಬೂಷ್ಟಿಗೆ ಸಿಕ್ಕಿ ಹಾಳಾಗುತ್ತಿದೆ, ಅವನ್ನು ನುಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಕಂಪನಿಗಳು ಹೊರತಂದ ಕ್ಯಾಸೆಟ್ಟುಗಳ ಮೂಲ ಪ್ರತಿ ಎಲ್ಲಾದರೂ ದೊರೆತೀತು. ಊರ ಹಬ್ಬದಲ್ಲಿ, ಸೋಬಾನೆಯ ಹೊತ್ತಿನಲ್ಲಿ ಮನೆಯವರೇ ಮುದ್ರಿಸಿಕೊಂಡವುಗಳಿಗೆ ಎರಡನೆಯ ಪ್ರತಿಯಿಲ್ಲ. ಡಿಜಿಟಲ್ ರೂಪಕ್ಕೆ ಇಳಿಸುವ ಕೆಲಸ ಇವುಗಳಿಂದಲೇ ಆರಂಭವಾಗಬೇಕು, ಹಾಡಿದವರ ಹೆಸರು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ.