ದೊಡ್ಡ ಮನೆಗೆ ಹೋಗುವಾಗ ಮಡಿಕೇರಿಯಲ್ಲಿ ಯಾವ ಬಡಾವಣೆ?

ಪ್ರಶ್ನೆ: ಮಡಿಕೇರಿಯಲ್ಲಿ ಎರಡು ಕೋಣೆಗಳ ಮನೆಯಲ್ಲಿದ್ದೇವೆ. ಮಕ್ಕಳಿಬ್ಬರೂ ಪ್ರೌಢಶಾಲೆಗೆ ಬಂದಿದ್ದಾರೆ. ವಯಸ್ಸಾದ ಅತ್ತೆಯವರು ಇನ್ನು ನಮ್ಮೊಂದಿಗೇ ಇರುತ್ತಾರೆ. ನಾಲ್ಕು ಕೋಣೆಗಳ ಮನೆ ಕೊಳ್ಳಬೇಕೆಂದಿದ್ದೇವೆ. ನಗರದಲ್ಲೇ ನೋಡುವುದೇ, ಕುಶಾಲನಗರಕ್ಕೆ ಹೋಗುವುದೇ?

ಉತ್ತರ: ಬಡಾವಣೆಯ ಹೆಸರಿಗಿಂತ ಮೊದಲು ಮನೆ ನಿಂತಿರುವ ನೆಲವನ್ನು ನೋಡಿ. 2018ರ ಆಗಸ್ಟ್‌ನಲ್ಲಿ ಇಂದಿರಾನಗರ, ಚಾಮುಂಡೇಶ್ವರಿ ನಗರ, ಮಂಗಳಾದೇವಿ ನಗರಗಳಲ್ಲಿ ಗುಡ್ಡ ಜರಿದು ಮನೆಗಳು ಕುಸಿದದ್ದನ್ನು ನೀವೂ ಬಲ್ಲಿರಿ. ಹಾಗೆಂದು ಒಂದು ಬಡಾವಣೆ ಪೂರ್ತಿ ಅಪಾಯಕಾರಿ, ಇನ್ನೊಂದು ಪೂರ್ತಿ ಸುರಕ್ಷಿತ ಎನ್ನಲಾಗದು. ಒಂದೇ ಬೀದಿಯ ಮೇಲಿನ ನಿವೇಶನಕ್ಕೂ ಕೆಳಗಿನ ನಿವೇಶನಕ್ಕೂ ಅಜಗಜಾಂತರವಿರುತ್ತದೆ.

ದೊಡ್ಡ ಮನೆ ಹುಡುಕುವವರು ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. 20 ಡಿಗ್ರಿ ಇಳಿಜಾರಿನ ಜಾಗವನ್ನು ಪೂರ್ತಿ ಕಡಿದು 30 ಅಡಿ ಅಗಲದ ಸಮತಟ್ಟು ಮಾಡಿದರೆ ಹಿಂಬದಿಯಲ್ಲಿ ಸುಮಾರು 11 ಅಡಿ ಎತ್ತರದ ಬರೆ, ಅಂದರೆ ಕಡಿದ ಮಣ್ಣಿನ ಗೋಡೆ, ಉಳಿಯುತ್ತದೆ. ಅದೇ ಸಮತಟ್ಟು 50 ಅಡಿಯಾದರೆ ಬರೆ 18 ಅಡಿ ಮೀರುತ್ತದೆ. ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಅಂಗಳ ಮಾಡಿದ್ದರೆ, ಮನೆಯ ಅರ್ಧ ಭಾಗ ಗಟ್ಟಿ ನೆಲದ ಮೇಲೂ ಅರ್ಧ ಭಾಗ ತುಂಬಿದ ಮಣ್ಣಿನ ಮೇಲೂ ಕುಳಿತಿರಬಹುದು. ಗೋಡೆಗಳಲ್ಲಿ ಓರೆಯಾಗಿ ಓಡಿದ ಬಿರುಕು ಕಂಡರೆ, ಹೊಸ ಬಣ್ಣಕ್ಕೆ ಮರುಳಾಗದೆ, ಎಂಜಿನಿಯರ್ ಒಬ್ಬರನ್ನು ಕರೆದೊಯ್ಯಿರಿ.

ವರ್ಷಕ್ಕೆ ಸರಾಸರಿ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಮನೆಯನ್ನು ಬೇಸಿಗೆಯಲ್ಲಿ ನೋಡಿ ಮುಂಗಡ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಕಕ್ಕಡ ಮಾಸದ (ಜುಲೈ-ಆಗಸ್ಟ್) ಮಳೆ ಹಿಡಿದಿರುವಾಗ ಹೋಗಿ, ತಡೆಗೋಡೆಯ ಕಿಂಡಿಗಳಿಂದ ನೀರು ಹೊರಬರುತ್ತಿದೆಯೇ ಎಂದು ನೋಡಿ. ಸುತ್ತೆಲ್ಲ ನೀರು ಜಿನುಗುತ್ತಿದ್ದೂ ಕಿಂಡಿಗಳು ಒಣಗಿದ್ದರೆ, ಗೋಡೆ ಉಬ್ಬಿದ್ದರೆ, ಹಿಂದಿನ ಮರಗಳು ವಾಲಿದ್ದರೆ ಆ ಮನೆ ಬೇಡ. ಮೇಲಿನ ಮನೆಯವರ ಚರಂಡಿ ಎಲ್ಲಿಗೆ ಹರಿಯುತ್ತದೆಂದೂ ವಿಚಾರಿಸಿ. ಬಯಲುಸೀಮೆಯಲ್ಲಿ ಇಂಗುಗುಂಡಿ ಪುಣ್ಯದ ಕೆಲಸ. ಬರೆಯ ನೆತ್ತಿಯಲ್ಲಿ ಅದೇ ಗುಂಡಿ ಮಣ್ಣಿಗೆ ನೀರು ಕುಡಿಸಿ ಅದರ ಹಿಡಿತವನ್ನು ಸಡಿಲಿಸುತ್ತದೆ.

ಕುಶಾಲನಗರದಲ್ಲಿ ಮಳೆ ಬಹಳ ಕಡಿಮೆ, ಜಾಗ ಸಮತಟ್ಟು, ಬರೆಯ ಭಯವಿಲ್ಲ. ಆದರೆ ಭಾಗಮಂಡಲದ ಕಡೆ ಸುರಿದ ಮಳೆ ಅಲ್ಲಿಗೆ ಕಾವೇರಿಯ ಪ್ರವಾಹವಾಗಿ ಬರುತ್ತದೆ. 2018 ಮತ್ತು 2019ರಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ ನೀರು ನುಗ್ಗಿತ್ತು. ಅಲ್ಲಿ ಕೊಳ್ಳುವುದಾದರೆ ನದಿಯಿಂದ ದೂರದ, ಎತ್ತರದ ಭಾಗವನ್ನೇ ನೋಡಿ, ಆ ಎರಡು ವರ್ಷಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಮನೆಯವರನ್ನು ಕೇಳಿ. ನಿಮ್ಮ ಉದ್ಯೋಗವೂ ಮಕ್ಕಳ ಶಾಲೆಯೂ ಮಡಿಕೇರಿಯಲ್ಲೇ ಇದ್ದರೆ ಮಳೆ, ಮಂಜಿನಲ್ಲಿ ನಿತ್ಯ ಸುಮಾರು 30 ಕಿ.ಮೀ. ಹೋಗಿ ಬರುವ ಕಷ್ಟವನ್ನು ಮಕ್ಕಳೂ ಹೊರಬೇಕಾಗುತ್ತದೆ. ಅಂಥ ಸಂದರ್ಭದಲ್ಲಿ ಒಂದು ಕೋಣೆ ಕಡಿಮೆಯಾದರೂ ನಗರದ ಸಮತಟ್ಟಾದ ಭಾಗದಲ್ಲಿರುವ ಹಳೆಯ ಮನೆಯೇ ಮೇಲೆಂದು ನನ್ನ ಅಭಿಪ್ರಾಯ.

ಅತ್ತೆಯವರ ದೃಷ್ಟಿಯಿಂದ ರಸ್ತೆಯ ಮಟ್ಟ ಮುಖ್ಯ. ಮಡಿಕೇರಿಯ ಎಷ್ಟೋ ಮನೆಗಳಿಗೆ ರಸ್ತೆಯಿಂದ ಮೆಟ್ಟಿಲು ಇಳಿದೇ ಹೋಗಬೇಕು. ಜಿಲ್ಲಾಸ್ಪತ್ರೆ ಹತ್ತಿರವಿದ್ದೂ ಆಂಬುಲೆನ್ಸ್ ಬಾಗಿಲಿಗೆ ಬರಲಾಗದಿದ್ದರೆ ಆ ಸಾಮೀಪ್ಯದಿಂದ ಪ್ರಯೋಜನವಿಲ್ಲ. ಮನೆಯೊಳಗೆ ನೆಲಮಟ್ಟದಲ್ಲೇ ಒಂದು ಮಲಗುವ ಕೋಣೆ, ಸ್ನಾನಗೃಹವಿರಲಿ.

ದಾಖಲೆಗಳಲ್ಲಿ ಭೂಪರಿವರ್ತನೆಯ ಆದೇಶ, ಇ-ಖಾತೆ, ಋಣಭಾರ ಪ್ರಮಾಣಪತ್ರಗಳನ್ನು ನೋಡುವುದು ಎಲ್ಲೆಡೆಯ ಕ್ರಮ. ನಗರದಂಚಿನ ಜಾಗ ಮೂಲದಲ್ಲಿ ಜಮ್ಮಾ ಬಾಣೆ (ಕೊಡಗಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಆಗಿದ್ದರೆ ಪಹಣಿಯಲ್ಲಿ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರಿನೊಂದಿಗೆ ಒಕ್ಕದ (ಕುಲದ) ಇತರರ ಹಕ್ಕೂ ಉಳಿದಿರಬಹುದಾದ್ದರಿಂದ, ಮಾರುವವರೊಬ್ಬರ ಸಹಿಯನ್ನೇ ನಂಬದೆ, ಕೊಡಗಿನ ಭೂಹಿಡುವಳಿಯನ್ನು ಬಲ್ಲ ವಕೀಲರಿಂದ ಪರಿಶೀಲಿಸಿಕೊಂಡ ನಂತರವೇ ಮುಂಗಡ ಕೊಡಿ.